ಒಂದೇ ಸಲ ಓಡಿಸಿದವರು ಯಾರು?

“ಕ್ಲೋಸ್ ಎಲ್ಲಿ?”

ಖಾಲಿ ಕೋಣೆಯಲ್ಲಿ ಕಾಲೇಜು ಟೀಚರ್ ಜಲಜಾಕ್ಷಿ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡುವವರು ಯಾರೂ ಇರಲಿಲ್ಲ. ಅದೇನೂ ದೊಡ್ಡ ವಿಷಯವಲ್ಲ ಬಿಡಿ. ವರ್ಷಗಟ್ಟಲೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದವಳಿಗೆ ಗೋಡೆಯ ಹತ್ತಿರ ಮಾತಾಡುವುದು ರೂಢಿಯಾಗಿಬಿಟ್ಟಿತ್ತು.

ಕಂಪ್ಯೂಟರಿನ ಹಸಿರು ಅಕ್ಷರಗಳನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದಳು. ಇಲ್ಲ. ಇರಬೇಕಾದ ಒಂದು ಸಾಲು ಇಲ್ಲವೇ ಇಲ್ಲ.

ಮೂಡುಬಿದಿರೆಯ ಇಂಜಿನಿಯರ್ ನಾರಾಯಣಮೂರ್ತಿಯವರ ಮನೆಯಲ್ಲಿ ಕೆಳಗೆ ಆಫೀಸು, ಮೇಲೆ ಸಂಸಾರ. ಆಫೀಸಿನ ಈ ಮೂಲೆಕೋಣೆಯಲ್ಲಿ ಕೂತು ಅವಳ ಹಳೆಯ ಶಿಷ್ಯ ಅಬ್ದುಲ್ ನಾಸಿರ್ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ. ಈಗ ಅವನು ಜೈಲಿನಲ್ಲಿದ್ದಾನೆ. ಮುಂಡಾಜೆಯ ಹಳ್ಳಕ್ಕೆ ಕಟ್ಟಿದ ತಡೆಗೋಡೆ ಈ ಜೂನಿನ ನೆರೆಗೆ ಕುಸಿದು, ಕೆಳಗಿದ್ದ ಚಾ ಅಂಗಡಿಯ ಮೂಸಬ್ಬ ನೀರುಪಾಲಾಗಿದ್ದ. ಗೋಡೆಯ ಲೆಕ್ಕ ತಪ್ಪು ಮಾಡಿದವನು ನಾಸಿರ್ ಎಂದು ಇಪ್ಪತ್ತಮೂರನೇ ತಾರೀಖು ಶುಕ್ರವಾರ ಪೊಲೀಸರು ಅವನನ್ನು ಹಿಡಿದರು.

ಸತ್ತ ಮೂಸಬ್ಬ ನಾಸಿರನ ಸೋದರಮಾವ. ತಾಯಿ ರುಖಿಯಮ್ಮನಿಗೆ ಒಂದೇ ತಿಂಗಳಲ್ಲಿ ಅಣ್ಣ ಹೋದ, ಮಗನೂ ಹೋದ ಹಾಗಾಯಿತು.

ನಿನ್ನೆ ಪುಂಜಾಲಕಟ್ಟೆಯಲ್ಲಿ ಆ ಹೆಂಗಸು ಜಲಜಾಕ್ಷಿಯ ಕೈ ಹಿಡಿದುಕೊಂಡು ಹೇಳಿದ ಮಾತು ಕಿವಿಯಲ್ಲೇ ಇತ್ತು. “ಅಣ್ಣನ ಮನೆಗೆ ಹೋಗ್ಲಿಕ್ಕೆ ನನಗೆ ಮುಖ ಇಲ್ಲ ಟೀಚರೇ. ನನ್ನ ಮನೆಗೆ ಯಾರೂ ಬರುದೂ ಇಲ್ಲ. ಚಾ ಮಾಡಿದ್ರೆ ಒಂದೇ ಗ್ಲಾಸಿಗೆ ಮಾಡ್ತೇನೆ.”

ಒಂದೇ ಗ್ಲಾಸಿನ ಚಾ ಏನೆಂದು ಜಲಜಾಕ್ಷಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಳೆ ಸೋಮವಾರ ಬೆಳ್ತಂಗಡಿ ಕೋರ್ಟಿನಲ್ಲಿ ನಾಸಿರನ ಜಾಮೀನು ವಿಚಾರಣೆ. ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ಲೋಕನಾಥ ಒಳ್ಳೆಯ ಮನುಷ್ಯ, ಆದರೆ ಮಾತು ಖಡಕ್ಕು. “ನಿಮ್ಮ ಶಿಷ್ಯ ಒಳ್ಳೆಯವನು ಅಂತ ಹೇಳಿದ್ರೆ ಆಗುದಿಲ್ಲ ಮೇಡಂ. ಕೈಯಲ್ಲಿ ಹಿಡಿಯುವಂಥದ್ದು ಏನಾದ್ರೂ ಉಂಟಾದ್ರೆ ಇವತ್ತು ಸಂಜೆಯೊಳಗೆ ಠಾಣೆಗೆ ತನ್ನಿ,” ಎಂದಿದ್ದರು.

ಕೈಯಲ್ಲಿ ಹಿಡಿಯುವಂಥದ್ದು ಪೊಲೀಸರ ಬಳಿಯೇ ಒಂದಿತ್ತು. ಮೂರ್ತಿಯವರು ಕೊಟ್ಟ ಒಂದು ಪ್ರಿಂಟೌಟ್. ಅದರ ಜೆರಾಕ್ಸ್ ಪ್ರತಿ ಈಗ ಜಲಜಾಕ್ಷಿಯ ಮುಂದಿತ್ತು.

ಮೇಲೆ ಅಂಕಿಗಳ ಪಟ್ಟಿ: ಮುಂಡಾಜೆಯ ನೆರೆ ಏರುವುದು ಆರು ಅಡಿ. ಕೆಳಗೆ ಗ್ರಾಫು: ಗೆರೆ ಏರಿ ಏರಿ ಒಂಬತ್ತು ಅಡಿ ಮುಟ್ಟಿತ್ತು. ಗ್ರಾಫಿನ ಅಡಿಯಲ್ಲಿ ಜನವರಿ ಹನ್ನೆರಡರ ತಾರೀಖು. ಒಂದೇ ಲೆಕ್ಕ, ಒಂದೇ ಹಾಳೆ, ಎರಡು ಉತ್ತರ. ನಾಸಿರನ ಬೇಜವಾಬ್ದಾರಿಗೆ ಇನ್ನೇನು ಸಾಕ್ಷಿ ಬೇಕು ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು.

ಜಲಜಾಕ್ಷಿ ಮಾತ್ರ ಕೈ ತೊಳೆಯಲಿಲ್ಲ. ಅವಳನ್ನು ಕಾಡಿದ್ದು ಬೇರೆ ವಿಷಯ. ನಾಸಿರ್ ಯಾವ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಒಂದೇ ಸಲ ಓಡಿಸಿ ಬಿಡುವವನಲ್ಲ. ಎರಡು ಸಲ ಓಡಿಸಿ, ಮೊದಲನೇ ಹಾಳೆ ಹರಿದು ಬುಟ್ಟಿಗೆ ಹಾಕಿ, ಎರಡನೆಯದನ್ನು ಫೈಲಿಗೆ ಸೇರಿಸುತ್ತಿದ್ದ. ಕಾಗದ ದಂಡ ಎಂದು ಈ ಮನೆಯಲ್ಲಿ ಎಷ್ಟು ತಮಾಷೆ ಮಾಡಿದ್ದರು! ಯಾಕೆ ಹೀಗೆ ಎಂದು ಅವಳೂ ಒಮ್ಮೆ ಕೇಳಿದ್ದಳು.

“ಒಂದು ಸಲ ಹೇಳಿದ್ರೆ ಇದಕ್ಕೆ ಕೇಳುದಿಲ್ಲ ಮೇಡಂ,” ಎಂದು ಅವನು ನಕ್ಕಿದ್ದ.

ಈಗ ಆ ನಗುವಿನ ಅರ್ಥ ಪರದೆಯ ಮೇಲೆಯೇ ಇತ್ತು.

ಫೋರ್ಟ್ರಾನ್ ಲೆಕ್ಕದಲ್ಲಿ ಹುಲಿ. ಚಿತ್ರ ಬಿಡಿಸು ಎಂದರೆ ಅದಕ್ಕೆ ಕೈಯೇ ಇಲ್ಲ. ಹಾಗಾಗಿ ಅದು ಉತ್ತರಗಳನ್ನು ಫ್ಲಾಪಿ ಡಿಸ್ಕಿನಲ್ಲಿರುವ ಒಂದು ಫೈಲಿಗೆ ಬರೆದು, ಗ್ರಾಫ್ ಬಿಡಿಸುವ ಬೇರೆ ಪ್ರೋಗ್ರಾಮೊಂದನ್ನು ಕೂಗಿ ಕರೆಯುತ್ತದೆ. ‘ಕಾಲ್ ಸಿಸ್ಟಮ್’ ಎಂಬ ಒಂದು ಸಾಲಿನಲ್ಲಿ ಆ ಕೂಗು. ಬಂದವನು ಫೈಲು ತೆರೆದು, ಅದರಲ್ಲಿದ್ದದ್ದನ್ನು ನೋಡಿ, ಗೆರೆ ಎಳೆದು ಹೋಗುತ್ತಾನೆ. ಅಷ್ಟೇ.

ಆದರೆ ಕರೆಯುವ ಮೊದಲು ಫೈಲನ್ನು ಮುಚ್ಚಬೇಕು. ‘ಕ್ಲೋಸ್’ ಎಂಬ ಆ ಸಾಲು ಬಿಟ್ಟುಹೋದರೆ ಹೊಸ ಅಂಕಿಗಳು ಮೆಷಿನ್ನಿನ ನೆನಪಿನಲ್ಲೇ ಉಳಿಯುತ್ತವೆ, ಫ್ಲಾಪಿಗೆ ಇಳಿದಿರುವುದಿಲ್ಲ. ಅಡುಗೆಯವನು ಹೊಸ ಸಾರನ್ನು ಬಡಿಸುವ ಪಾತ್ರೆಗೆ ಹೊಯ್ಯದೆಯೇ “ಬಡಿಸಿ” ಎಂದ ಹಾಗೆ. ಬಡಿಸುವವನಿಗೇನು ಗೊತ್ತು? ಪಾತ್ರೆಯ ತಳದಲ್ಲಿ ನಿನ್ನೆಯದು ಇದ್ದರೆ ಅದನ್ನೇ ಬಡಿಸುತ್ತಾನೆ.

ಎಲ್ಲ ಮುಗಿದ ಮೇಲೆ ಹೊಸ ಅಂಕಿಗಳು ತಾವಾಗಿ ಫ್ಲಾಪಿಗೆ ಇಳಿಯುತ್ತವೆ. ಅವುಗಳ ಚಿತ್ರ ಬೀಳುವುದು ಮುಂದಿನ ಸಲ ಓಡಿಸಿದಾಗ. ಅದಕ್ಕೇ ನಾಸಿರ್ ಎರಡು ಸಲ ಓಡಿಸುತ್ತಿದ್ದ. ತಪ್ಪು ಎಲ್ಲಿದೆ ಎಂದು ಹುಡುಕುವ ಬದಲು ಸುಲಭದ ದಾರಿ ಹಿಡಿದಿದ್ದ, ಕಳ್ಳ!

ಹಾಗಾದರೆ ಪೊಲೀಸರ ಬಳಿ ಇರುವ ಹಾಳೆಯಲ್ಲಿ ಒಂಬತ್ತು ಅಡಿಯ ಗ್ರಾಫು ಹಿಂದಿನ ಓಟದ್ದು, ನಾಸಿರನದ್ದು, ಜನವರಿಯದ್ದು, ಸರಿಯಾದದ್ದು. ಆರು ಅಡಿಯ ಪಟ್ಟಿ ಅದರ ನಂತರ ಬಂದ ಇನ್ನೊಬ್ಬರದ್ದು. ಆ ಇನ್ನೊಬ್ಬರು ಒಂದೇ ಸಲ ಓಡಿಸಿ ಎದ್ದುಹೋಗಿದ್ದಾರೆ.

ಅವರ ಗ್ರಾಫು ಇನ್ನೂ ಬಿದ್ದಿಲ್ಲ. ಅದು ಈ ಫ್ಲಾಪಿಯಲ್ಲಿ ಕಾಯುತ್ತಾ ಕೂತಿದೆ.

ಫ್ಲಾಪಿಗಳ ಪೆಟ್ಟಿಗೆಯನ್ನೇ ಪೊಲೀಸರು ಚೀಲಕ್ಕೆ ತುಂಬಿ ಒಯ್ದಿದ್ದರು. ಮೆಷಿನ್ನಿನ ಬಾಯೊಳಗೆ ಎರಡು ಉಳಿದದ್ದು ಅವರ ಕಣ್ಣಿಗೆ ಬೀಳಲಿಲ್ಲ, ಪಾಪ. ಜಲಜಾಕ್ಷಿ ನಕಲು ಮಾಡಿಡಲು ನೋಡಿದಳು. ಜಾಗವಿಲ್ಲ ಎಂದಿತು. ತೆರೆದು ಓದಲು ನೋಡಿದಳು. ಗ್ರಾಫಿನ ಪ್ರೋಗ್ರಾಮಿಗೆ ಮಾತ್ರ ತಿಳಿಯುವ ಗೀಚುಗಳು. ಉಳಿದದ್ದು ಒಂದೇ ದಾರಿ. ಒಮ್ಮೆ ಓಡಿಸಬೇಕು. ಓಡಿಸಿದರೆ ಕಾದು ಕೂತ ಚಿತ್ರ ಕಾಗದಕ್ಕೆ ಬರುತ್ತದೆ, ಫ್ಲಾಪಿಯಿಂದ ಅಳಿಸಿಹೋಗುತ್ತದೆ.

ಎರಡನೇ ಅವಕಾಶವಿಲ್ಲ. ಸಾಕ್ಷಿಗೆ ಒಬ್ಬರು ಬೇಕು.

ಅವಳು ಮೆಟ್ಟಿಲ ಬುಡಕ್ಕೆ ಹೋಗಿ “ಮೂರ್ತಿಯವರೇ, ಸ್ವಲ್ಪ ಕೆಳಗೆ ಬರ್ತೀರಾ?” ಎಂದು ಕರೆದಳು.

ಮೇಲಿನಿಂದ ಕೆಸುವಿನ ಎಲೆಯ ಪತ್ರೊಡೆ ಬೇಯುವ ಪರಿಮಳ ಬಂತು. ರಜಾದಿನವೆಂದರೆ ಅವಳಿಗೆ ಹೆದರಿಕೆ. ಕಾಲೇಜಿಲ್ಲ, ಮಕ್ಕಳಿಲ್ಲ, ಸೀರೆ ಒಗೆದು ಹಾಕಿದರೂ ದಿನ ಮುಗಿಯುವುದಿಲ್ಲ. ಆದಿತ್ಯವಾರ ಮಧ್ಯಾಹ್ನ ಅವಳು ಇನ್ನೊಬ್ಬರ ಜೊತೆ ಕೂತು ಉಣ್ಣುವುದು ಈ ಮನೆಯೊಂದರಲ್ಲೇ. ಮೂರ್ತಿಯವರ ಹೆಂಡತಿ ವಾಗ್ದೇವಿ ಅವಳ ಹಳೆಯ ಶಿಷ್ಯೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ‘ಮೇಡಂ’ ಹೋಗಿ ‘ಜಲಜಕ್ಕ’ ಆಗಿತ್ತು.

ಕಳೆದ ಆದಿತ್ಯವಾರವಂತೂ ಊಟದ ನಡುವೆ ವಾಗ್ದೇವಿ ಏನೋ ಕೆಲಸಕ್ಕೆ ಎದ್ದವಳು, “ಜಲಜಕ್ಕ, ಇವರಿಗೆ ಸ್ವಲ್ಪ ನೀವೇ ಬಡಿಸಿ,” ಎಂದು ಸೌಟನ್ನು ಕೈಗೆ ಕೊಟ್ಟುಬಿಟ್ಟಿದ್ದಳು. ಮನೆಯವಳಿಗೆ ಹೇಳುವ ಹಾಗೆ! ನಗಬೇಡಿ, ಆ ಸೌಟಿನ ನೆನಪನ್ನು ಜಲಜಾಕ್ಷಿ ಇಡೀ ವಾರ ಜೋಪಾನ ಮಾಡಿದ್ದಳು. ರಾತ್ರಿ ಒಬ್ಬಳೇ ಗಂಜಿ ಉಣ್ಣುವಾಗ ತನ್ನ ತಟ್ಟೆಗೆ ತಾನೇ “ಇನ್ನು ಸ್ವಲ್ಪ ಹಾಕಲಾ?” ಎಂದು ಕೇಳಿ ನಕ್ಕಿದ್ದಳು ಕೂಡ.

ಈ ಮನೆಯ ಯಜಮಾನನನ್ನೇ ಈಗ ಹಿಡಿಯಲು ಹೊರಟಿದ್ದಳು. ಹಿಡಿದರೆ ಇನ್ನು ಇಲ್ಲಿ ಅವಳಿಗೆ ಊಟಕ್ಕೆ ಎಲೆ ಹಾಕುವವರು ಯಾರು?

ನಾರಾಯಣಮೂರ್ತಿ ಪಂಚೆ ಮೇಲೆತ್ತಿಕೊಂಡು ಇಳಿದು ಬಂದರು. “ಎಂತ ಜಲಜಾಕ್ಷಿಯವರೇ, ನಿಮ್ಮ ಪತ್ತೇದಾರಿಕೆ ಇನ್ನೂ ಮುಗೀಲಿಲ್ವಾ?”

“ಪೊಲೀಸರಿಗೆ ಕೊಟ್ಟ ಹಾಳೆ ನಿಮಗೆ ಎಲ್ಲಿ ಸಿಕ್ಕಿತು?”

“ಎಷ್ಟು ಸಲ ಹೇಳುದು ಮಾರಾಯ್ರೆ? ಮುಂಡಾಜೆ ಫೈಲಿನಲ್ಲಿತ್ತು. ಸೋಮವಾರ ಲೋಕನಾಥ ಬಂದು ಕೇಳಿದ್ರು. ತೆಗೆದೆ, ಕೊಟ್ಟೆ.”

“ಪಟ್ಟಿಯಲ್ಲಿ ಆರು, ಗ್ರಾಫಿನಲ್ಲಿ ಒಂಬತ್ತು. ವಿಚಿತ್ರ ಅನಿಸ್ಲಿಲ್ವಾ?”

“ಅನಿಸಿತು. ಅದಕ್ಕೇ ಅಲ್ವಾ ಹುಡುಗನಿಗೆ ಶ್ರದ್ಧೆ ಇಲ್ಲ ಅಂದದ್ದು? ಆರಡಿ ನೀರು ಅಂತ ಬರೆದ, ನಾನು ಏಳಡಿ ಗೋಡೆ ಕಟ್ಟಿಸಿದೆ. ತಾರೀಖೂ ಉಂಟಲ್ಲ, ಜನವರಿಯದ್ದು.”

“ತಾರೀಖು ಇರುದು ಗ್ರಾಫಿನ ಅಡಿಯಲ್ಲಿ. ಪಟ್ಟಿಗೆ ತಾರೀಖಿಲ್ಲ.”

“ಎರಡೂ ಒಂದೇ ಹಾಳೆ ಅಲ್ವಾ?”

“ಹಾಳೆ ಒಂದೇ. ಓಟ ಬೇರೆ.” ಜಲಜಾಕ್ಷಿ ಕುರ್ಚಿ ತಿರುಗಿಸಿ ಕೂತಳು. ಬಿಟ್ಟುಹೋದ ಸಾಲು, ಸಾರಿನ ಪಾತ್ರೆ, ಎರಡು ಸಲದ ಅಭ್ಯಾಸ, ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಕೇಳುತ್ತಾ ಕೇಳುತ್ತಾ ಮೂರ್ತಿಯವರ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದು ನಿಂತಿತು.

“ಅಂದ್ರೆ ನಾನು ಅಂಕಿ ತಿದ್ದಿದೆ ಅಂತಲಾ ನೀವು ಹೇಳುದು?”

“ನಾಸಿರ್ ಜನವರಿಯಲ್ಲೇ ಒಂಬತ್ತಡಿ ಅಂದಿದ್ದ. ಗೋಡೆ ಏಳಕ್ಕೆ ಇಳಿಸಿದ್ದು ನೀವು. ಹೌದೋ ಅಲ್ವೋ?”

ಮೂರ್ತಿಯವರು ಕಿಟಕಿಗೆ ಹೋಗಿ ಉಗಿದು ಬಂದರು. ಬಂದವರು ಅವಳ ಮುಖ ನೋಡಲಿಲ್ಲ.

“ಮಳೆಗಾಲದ ಮೊದಲು ಮುಗಿಸ್ಬೇಕು ಅಂತ ಎಲ್ಲರದ್ದೂ ಒತ್ತಾಯ. ಏಳು ಸಾಕು ಅನಿಸಿತು. ಆ ಹಳ್ಳ ಯಾವತ್ತೂ ಅಷ್ಟು ಏರಿದ್ದನ್ನು ನಾನು ನೋಡಿರ್ಲಿಲ್ಲ.” ಅವರ ಸ್ವರ ಸಣ್ಣದಾಯಿತು. “ಮೂಸಬ್ಬನ ಅಂಗಡಿಯಲ್ಲಿ ನಾನು ಎಷ್ಟು ಸಲ ಚಾ ಕುಡಿದಿದ್ದೇನೆ ಗೊತ್ತುಂಟಾ ನಿಮಗೆ?”

“ಮತ್ತೆ ಆ ಹಾಳೆ?”

“ಫೈಲ್ ತೆಗೆದೆ, ಆರಡಿ ಅಂತ ಇತ್ತು. ನನಗೆ ನೆನಪಿದ್ದದ್ದು ಒಂಬತ್ತು. ದೇವರೇ ಬದಲಾಯಿಸಿದ ಹಾಗೆ ಆಯ್ತು. ಯಾರು ಇಟ್ಟರು ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತು. ಆದ್ರೆ ಸತ್ಯ ಹೇಳ್ತೇನೆ, ಈ ಮೆಷಿನ್ನಿನ ಸ್ವಿಚ್ ಎಲ್ಲುಂಟು ಅಂತಲೂ ನನಗೆ ಗೊತ್ತಿಲ್ಲ.”

ಸುಳ್ಳು ಹೇಳುವವರ ಮುಖ ಪರೀಕ್ಷೆಯ ಹಾಲಿನಲ್ಲಿ ಅವಳು ಸಾಕಷ್ಟು ನೋಡಿದ್ದಳು. ಇದು ಆ ಮುಖವಲ್ಲ. ಆದರೂ ಮುಖ ನೋಡಿ ಬಿಟ್ಟರೆ ನಾಸಿರನ ಗತಿ?

“ಹಾಗಾದ್ರೆ ಓಡಿಸಿ ನೋಡುವ. ಯಾರು ಬಂದು ಕೂತಿದ್ದರೋ ಅವರ ಗ್ರಾಫು ಬರ್ತದೆ. ಒಂದೇ ಸಲ ಬರ್ತದೆ. ಬೇಡ ಅಂದ್ರೆ ಈಗಲೇ ಹೇಳಿ.”

“ಓಡಿಸಿ,” ಎಂದರು ಮೂರ್ತಿ.

ಪ್ರೋಗ್ರಾಮ್ ಮಳೆ ಎಷ್ಟು ಎಂದು ಕೇಳಿತು. ಜಲಜಾಕ್ಷಿ ಎಲ್ಲದಕ್ಕೂ ಸೊನ್ನೆ ಒತ್ತಿದಳು. ಪ್ರಿಂಟರ್ ಕಿರ್ರೆಂದು ಎದ್ದಿತು. ಮೊದಲು ಪಟ್ಟಿ ಬಂತು. ಸೊನ್ನೆ, ಸೊನ್ನೆ, ಸೊನ್ನೆ. ಮಳೆಯೇ ಇಲ್ಲದ ಮುಂಡಾಜೆ.

ಪ್ರಿಂಟರ್ ಒಂದು ಕ್ಷಣ ಸುಮ್ಮನಾಯಿತು. ಗ್ರಾಫ್ ಬಿಡಿಸುವವನನ್ನು ಫೋರ್ಟ್ರಾನ್ ಕರೆದಿತ್ತು.

ಮತ್ತೆ ಕಿರ್ರ್. ಮಳೆಯಿಲ್ಲದ ಪಟ್ಟಿಯ ಅಡಿಯಲ್ಲಿ ನೆರೆಯ ಗುಡ್ಡವೊಂದು ಸಾಲುಸಾಲಾಗಿ ಮೂಡತೊಡಗಿತು. ಅದರ ನೆತ್ತಿ ಆರು ಅಡಿ.

“ಅಯ್ಯೋ,” ಎಂದರು ಮೂರ್ತಿ.

ಜಲಜಾಕ್ಷಿಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ಹೇಳಿದ್ದು ಅಕ್ಷರಶಃ ನಿಜ! ಇನ್ನು ಬರಬೇಕಾದದ್ದು ಅಡಿಯ ಸಾಲು, ತಾರೀಖಿನ ಸಾಲು. ಕಾಗದ ಇಷ್ಟಿಷ್ಟೇ ಮೇಲೇರಿ ಕೊನೆಗೆ ಅದೂ ಬಂತು.

ಮುಂಡಾಜೆ. ಇಪ್ಪತ್ತೈದು, ಆರು, ಎಂಬತ್ತೊಂಬತ್ತು. ಮಧ್ಯಾಹ್ನ ಒಂದೂವರೆ.

ಇಪ್ಪತ್ತೈದು! ನಾಸಿರನನ್ನು ಹಿಡಿದದ್ದು ಇಪ್ಪತ್ತಮೂರಕ್ಕೆ. ಜೈಲಿನಲ್ಲಿದ್ದವನು ಮೂಡುಬಿದಿರೆಗೆ ಬಂದು ಕಂಪ್ಯೂಟರ್ ಒತ್ತಲು ಸಾಧ್ಯವಿಲ್ಲ. ರುಖಿಯಮ್ಮನ ಮಗ ಉಳಿದ. ಜಲಜಾಕ್ಷಿ ಹಾಳೆಯನ್ನು ಜೋಪಾನವಾಗಿ ಹರಿದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅವಳ ಹೆಗಲ ಮೇಲಿಂದ ಮೂರ್ತಿಯವರೂ ಓದಿದರು. ಓದಿ, ಉಸಿರುಬಿಟ್ಟರು. “ಇಪ್ಪತ್ತೈದು ಅಂದ್ರೆ ಹೋದ ಆದಿತ್ಯವಾರ ಅಲ್ವಾ? ಆ ಹೊತ್ತಿಗೆ ನಾನು ನಿಮ್ಮ ಎದುರೇ ಊಟಕ್ಕೆ ಕೂತಿದ್ದೆ. ನೀವೇ ಬಡಿಸಿದ್ದು ನನಗೆ! ನಾನಲ್ಲ ಅಂತ ನೀವೇ ಸಾಕ್ಷಿ ಮಾರಾಯ್ರೆ.”

ಹೌದು. ಅವಳೇ ಬಡಿಸಿದ್ದು.

ಯಾಕೆ ಬಡಿಸಿದ್ದು?

ಜಲಜಾಕ್ಷಿ ಯೋಚಿಸಬಾರದೆಂದುಕೊಂಡಳು. ಯೋಚನೆ ಅವಳ ಮಾತು ಕೇಳಲಿಲ್ಲ. ಅವತ್ತು ಮಳೆ ಜೋರಾಗಿ ಬಂದಿತ್ತು. “ಆಫೀಸಿನ ಕಿಟಕಿ ಹಾಕಿ ಬರ್ತೇನೆ,” ಎಂದು ಎದ್ದು ಹೋದ ವಾಗ್ದೇವಿ ಬರುವಾಗ ಸಾರು ತಣ್ಣಗಾಗಿತ್ತು. ಇಷ್ಟು ಹೊತ್ತು ಯಾಕೆ ಎಂದು ಯಾರೂ ಕೇಳಲಿಲ್ಲ. ಜಲಜಾಕ್ಷಿಗಂತೂ ಇನ್ನೂ ತಡವಾಗಲಿ ಎಂದೇ ಇತ್ತು, ಸೌಟು ಕೈಯಲ್ಲಿತ್ತಲ್ಲ.

ಇನ್ನೊಂದು ಸಂಗತಿಯೂ ಇತ್ತು, ಅದು ಇನ್ನೂ ಕೆಟ್ಟದ್ದು. ಈ ಮೆಷಿನ್ನಿಗೆ ತಾರೀಖು ತಾನಾಗಿ ಗೊತ್ತಾಗುವುದಿಲ್ಲ. ಆನ್ ಮಾಡಿದ ಕೂಡಲೇ ಇವತ್ತು ಎಷ್ಟನೇ ತಾರೀಖು, ಗಂಟೆ ಎಷ್ಟು ಎಂದು ಕೇಳುತ್ತದೆ. ಊರಿನವರೆಲ್ಲ ಉತ್ತರ ಕೊಡದೆ ಎಂಟರ್ ಒತ್ತುತ್ತಾರೆ, ಅದು ಎಂಬತ್ತನೇ ಇಸವಿಯ ಜನವರಿ ಒಂದು ಎಂದು ಹಾಕಿಕೊಂಡು ಸುಮ್ಮನಿರುತ್ತದೆ. ತಪ್ಪದೆ ಸರಿಯಾದ ತಾರೀಖು ಒತ್ತುವವರು ಜಲಜಾಕ್ಷಿಯ ಬೇಸಿಗೆ ತರಗತಿಯಲ್ಲಿ ಫೋರ್ಟ್ರಾನ್ ಕಲಿತವರು ಮಾತ್ರ. ತಾರೀಖು ಹಾಕದಿದ್ದರೆ ಅವಳು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಆ ತರಗತಿಯವರಲ್ಲಿ ಈ ಕೋಣೆಗೆ ಬರುವವರು ಇಬ್ಬರೇ. ಒಬ್ಬ ಜೈಲಿನಲ್ಲಿದ್ದ.

“ಒಂದು ವೇಳೆ,” ಎಂದು ಶುರುಮಾಡಿದ ಮೂರ್ತಿಯವರು ಅಲ್ಲಿಗೇ ನಿಲ್ಲಿಸಿದರು. ಅವರಿಗೂ ಆ ಮಧ್ಯಾಹ್ನದ ಕಿಟಕಿ ನೆನಪಾಗಿರಬೇಕು. ತಲೆಯೆತ್ತಿ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ವಾಗ್ದೇವಿ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿದಳೋ.

“ಎಲೆ ಹಾಕಿದ್ದೇನೆ,” ಎಂದಳು. ಅವಳ ಕಣ್ಣು ಜಲಜಾಕ್ಷಿಯ ಕೈಯಲ್ಲಿದ್ದ ಹಾಳೆಯ ಮೇಲಿತ್ತು. ಪಟ್ಟಿ ನೋಡಿದಳು, ಗ್ರಾಫು ನೋಡಿದಳು, ಅಡಿಯ ಸಾಲು ಓದಿದಳು. ಮೊದಲ ಬೆಂಚಿನ ಹುಡುಗಿ, ಓದುವುದು ಅವಳಿಗೆ ತಡವಾಗಲಿಲ್ಲ.

“ಎರಡು ಸಲ ಓಡಿಸ್ಬೇಕಿತ್ತಾ?” ಎಂದು ಮೆಲ್ಲಗೆ ಕೇಳಿದಳು. “ನಾಸಿರ್ ಯಾಕೆ ಹಾಗೆ ಮಾಡ್ತಿದ್ದ ಅಂತ ನನಗೆ ಇವತ್ತು ಗೊತ್ತಾಯ್ತು, ಮೇಡಂ.”

ಮೇಡಂ. ಜಲಜಕ್ಕ ಅಲ್ಲ.

ಜಲಜಾಕ್ಷಿ ಹಾಳೆಯನ್ನು ಕೆಳಗಿಳಿಸಿದಳು. “ಯಾಕೆ ವಾಗ್ದೇವಿ?”

“ಇವರು ಜೈಲಿಗೆ ಹೋದ್ರೆ ನಾನು ಈ ಇಡೀ ಮನೆಯಲ್ಲಿ ಒಬ್ಬಳೇ ಆಗ್ತೇನೆ. ಒಬ್ಬಳೇ ಇರುದು ಅಂದ್ರೆ ಏನು ಅಂತ ನಿಮ್ಮನ್ನು ನೋಡಿಯೇ ನನಗೆ ಗೊತ್ತಾದದ್ದು. ನನ್ನಿಂದ ಆಗುದಿಲ್ಲ ಮೇಡಂ.”

ನಾರಾಯಣಮೂರ್ತಿ ಕುರ್ಚಿ ಎಳೆದು ಕೂತರು. ಅವರು ಹೆಂಡತಿಯ ಮುಖ ನೋಡಲಿಲ್ಲ, ಹಾಳೆಯ ಕಡೆ ಕೈಯನ್ನೂ ಚಾಚಲಿಲ್ಲ.

ಫ್ಲಾಪಿಯಲ್ಲಿ ಈಗ ಸೊನ್ನೆಗಳಷ್ಟೇ ಉಳಿದಿದ್ದವು. ಆ ಮಧ್ಯಾಹ್ನಕ್ಕೆ ಲೋಕದಲ್ಲಿ ಇದೊಂದೇ ಸಾಕ್ಷಿ, ಜಲಜಾಕ್ಷಿಯ ಕೈಯಲ್ಲಿದ್ದ ಈ ಒಂದು ಹಾಳೆ. ಮೇಲೆ ಪತ್ರೊಡೆ ಆರುತ್ತಿತ್ತು. ಪುಂಜಾಲಕಟ್ಟೆಯಲ್ಲಿ ರುಖಿಯಮ್ಮ ಒಂದೇ ಗ್ಲಾಸಿನ ಚಾ ಮಾಡಿಕೊಂಡು ದಾರಿ ನೋಡುತ್ತಿರಬಹುದು.

ಹೊರಗೆ ರಸ್ತೆಯಲ್ಲಿ ವೇಣೂರು ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಸಂಜೆಯೊಳಗೆ ಠಾಣೆ ತಲುಪಬೇಕಾದರೆ ಇದನ್ನೇ ಹಿಡಿಯಬೇಕು.

ವಾಗ್ದೇವಿ ಬಾಗಿಲಿನಿಂದ ಕದಲಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸ್ವರ ಮಾತ್ರ ಪ್ರತಿ ಆದಿತ್ಯವಾರದ್ದೇ.

“ಬಡಿಸ್ಲಾ ಜಲಜಕ್ಕ? ಅಲ್ಲ, ನೀವು ಹೊರಟಿರಾ?”